ಮರಿಗಳು ಧುಮುಕಿದ ರಾತ್ರಿ

ಉತ್ತರದ ಕಡಲಿಗೆ ಹೋಗಿಬಂದವರನ್ನು ಕಂಡರೆ ಎಲ್ಲರೂ ಕೇಳುವುದು ಒಂದೇ ಮಾತು: ಹಿಮಕರಡಿ ನೋಡಿದಿರಾ? ನೋಡಿದೆ. ಅದನ್ನೂ ಹೇಳುತ್ತೇನೆ, ಅವಸರ ಮಾಡಬೇಡಿ. ಆದರೆ ಈ ಬೆಂಕಿಯ ಮುಂದೆ ಕೂತು ನಿಮಗೆ ಹೇಳಬೇಕು ಅಂದುಕೊಂಡಿರುವುದು ಕರಡಿಯ ಕಥೆಯಲ್ಲ, ಕಾಲು ಕೇಜಿ ತೂಗುವ ಒಂದು ಹಕ್ಕಿಮರಿಯ ಕಥೆ. ಅದು ನಮ್ಮ ದೋಣಿಯ ಪಕ್ಕಕ್ಕೆ ಬಂದು ಕೂಗಿದಾಗ ದೋಣಿಯಲ್ಲಿದ್ದವರೆಲ್ಲ ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದು ಕೂತಿದ್ದೆವು. ಆ ಹೊತ್ತಿನವರೆಗೆ ನಿಮ್ಮನ್ನು ಕರೆದುಕೊಂಡು ಹೋಗಬೇಕಾದರೆ ಸ್ವಲ್ಪ ಸುತ್ತು ಹಾದಿ ಹಿಡಿಯಬೇಕು.

ಜಾಗ ಸ್ವಾಲ್‌ಬಾರ್ಡ್. ನಾರ್ವೆಯ ನೆಲ ಮುಗಿದ ಮೇಲೂ ಉತ್ತರಕ್ಕೇ ಹೋಗುತ್ತಿದ್ದರೆ ಸಿಗುವ ದ್ವೀಪಗಳ ಗುಂಪು ಅದು. ಅಲ್ಲಿನ ಮುಖ್ಯ ಊರು ಲಾಂಗ್‌ಇಯರ್‌ಬ್ಯೆನ್ 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಮೂರನೇ ವಾರದಿಂದ ಆಗಸ್ಟ್ ಮೂರನೇ ವಾರ ದಾಟುವವರೆಗೆ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಅಷ್ಟು ಮೇಲಕ್ಕೆ ಹಡಗು ಹೋಗಲು ಸಾಧ್ಯವಾಗಿರುವುದು ಅಟ್ಲಾಂಟಿಕ್ ಸಾಗರದಿಂದ ಹರಿದು ಬರುವ ಬೆಚ್ಚನೆಯ ನೀರಿನಿಂದ. ಅದು ದ್ವೀಪಗಳ ಪಶ್ಚಿಮದ ಮಗ್ಗುಲಿಗೆ ತಾಗಿಕೊಂಡು ಮೇಲೇರುತ್ತದೆ, ದಾರಿಯುದ್ದಕ್ಕೂ ಮಂಜನ್ನು ಕರಗಿಸುತ್ತದೆ. ಆ ಬೆಚ್ಚನೆಯ ನೀರು ಧ್ರುವದ ತಣ್ಣನೆಯ ನೀರನ್ನು ಕೂಡುವಲ್ಲಿ ಬೇಸಿಗೆಯಲ್ಲಿ ಸಿಗಡಿಯಂಥ ಪುಟ್ಟ ಜೀವಿಗಳೂ ಮೀನುಗಳೂ ಹುಲುಸಾಗಿ ಬೆಳೆಯುತ್ತವೆ. ಅವುಗಳ ಹಿಂದೆ ಹಕ್ಕಿ, ಸೀಲ್, ತಿಮಿಂಗಿಲಗಳು ಬರುತ್ತವೆ. ಇವೆಲ್ಲದರ ಹಿಂದೆ, ಕೊನೆಯಲ್ಲಿ, ಮನುಷ್ಯ ಬಂದ.

ನಾವು ಹೊರಟಿದ್ದು 2025ರ ಜುಲೈ ಕೊನೆಯಲ್ಲಿ, ಒಂದು ಸಣ್ಣ ಹಡಗಿನಲ್ಲಿ. ಹತ್ತಿದ ದಿನವೇ ನಮ್ಮನ್ನೆಲ್ಲ ಕೂರಿಸಿ ಪಾಠ ಮಾಡಿದರು. ಬೂಟುಗಳ ಅಡಿಯ ಮಣ್ಣು ಕೆರೆದು, ಔಷಧಿ ನೀರಿನಲ್ಲಿ ತೊಳೆಸಿದರು. ಕೋಟಿನ ಜೇಬುಗಳನ್ನು ಮಗುಚಿ ಹುಲ್ಲಿನ ಬೀಜ ಇದೆಯೇ ಎಂದು ಹುಡುಕಿಸಿದರು. ಹಕ್ಕಿಜ್ವರದ ಸೋಂಕು ಅಲ್ಲಿಗೂ ಮುಟ್ಟಿದೆ. 2023ರಲ್ಲಿ ಅಲ್ಲಿ ಸತ್ತ ಒಂದು ವಾಲ್ರಸ್‌ನಲ್ಲೂ ಅದು ಪತ್ತೆಯಾಗಿತ್ತು. ಹಾಗಾಗಿ ಒಂದು ತೀರದ ಕೊಳೆಯನ್ನು ಇನ್ನೊಂದು ತೀರಕ್ಕೆ ಒಯ್ಯುವಂತಿಲ್ಲ. 2025ರ ಜನವರಿಯಿಂದ ನಿಯಮಗಳೂ ಬಿಗಿಯಾಗಿದ್ದವು. ರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಬರುವಂತಿಲ್ಲ. ಅಲ್ಲಿ ಪ್ರವಾಸಿ ಹಡಗಿನವರು ದಡಕ್ಕಿಳಿಯಬಹುದಾದ ಜಾಗಗಳು 43 ಮಾತ್ರ. ಹಿಮಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಬೇಕು. ಮಾರ್ಚ್‌ನಿಂದ ಜೂನ್‌ವರೆಗಾದರೆ 500 ಮೀಟರ್. ಹಡಗಿನಲ್ಲಿ ಕೆಲವರು ಗೊಣಗಿದರು: ಇಷ್ಟು ದುಡ್ಡು ಕೊಟ್ಟು ಬಂದು ಅರ್ಧ ಮೈಲಿ ದೂರದಿಂದ ನೋಡಬೇಕೇ? ನನಗೆ ಆ ನಿಯಮಗಳು ಸರಿ ಅನಿಸಿದವು, ಈಗಲೂ ಹಾಗೇ ಅನಿಸುತ್ತದೆ. ಯಾಕೆ ಅನ್ನುವುದು ನಾವು ಮೊದಲು ಇಳಿದ ತೀರದಲ್ಲೇ ನೆಲದ ಮೇಲೆ ಬಿದ್ದಿತ್ತು.

ಆ ತೀರದ ಹೆಸರು ಸ್ಮೇರೆನ್‌ಬರ್ಗ್. ವಾಯವ್ಯ ಮೂಲೆಯಲ್ಲಿ ಆಮ್‌ಸ್ಟರ್‌ಡಾಮ್ ದ್ವೀಪದ ಒಂದು ಚಪ್ಪಟೆ ಮರಳದಂಡೆ. ಡಚ್ ನಾವಿಕ ವಿಲ್ಲೆಮ್ ಬಾರೆಂಟ್ಸ್ 1596ರಲ್ಲಿ ಈ ದ್ವೀಪಗಳನ್ನು ಕಂಡು ಬರೆದಿಟ್ಟ. ಕಡಲ ತುಂಬ ತಿಮಿಂಗಿಲ ಇವೆ ಎಂಬ ಸುದ್ದಿ ಯುರೋಪಿಗೆ ಮುಟ್ಟಲು ಹೆಚ್ಚು ದಿನ ಬೇಕಾಗಲಿಲ್ಲ. 1619ರ ಹೊತ್ತಿಗೆ ಡಚ್ಚರು ಈ ದಂಡೆಯಲ್ಲಿ ಕೊಬ್ಬು ಕಾಯಿಸುವ ಒಲೆಗಳನ್ನು ಹೂಡಿದ್ದರು. ಅವರಿಗೆ ಬೇಕಾಗಿದ್ದದ್ದು ಬೋಹೆಡ್ ತಿಮಿಂಗಿಲ. ಅದರ ಮೈಯ ಕೊಬ್ಬು ಅರ್ಧ ಮೀಟರ್ ದಪ್ಪ ಇರಬಹುದು. ನಿಧಾನವಾಗಿ ಈಜುತ್ತದೆ, ಸತ್ತ ಮೇಲೆ ಮುಳುಗದೆ ತೇಲುತ್ತದೆ. ಇನ್ನೂರು ವರ್ಷ ದಾಟಿ ಬದುಕಬಲ್ಲ ಪ್ರಾಣಿ. ಅದನ್ನು ಈಟಿ ಹೊಡೆದು ಎಳೆದು ತಂದು, ಕೊಯ್ದು, ಕಾಯಿಸಿ, ಎಣ್ಣೆಯನ್ನು ಪೀಪಾಯಿಗಳಲ್ಲಿ ತುಂಬಿ ಯುರೋಪಿನ ದೀಪಗಳಿಗೆ, ಸಾಬೂನಿಗೆ ಕಳಿಸಿದರು. ಮೊದಲು ಖಾರಿಗಳಲ್ಲಿ ತಿಮಿಂಗಿಲ ಮುಗಿದವು. ಆಮೇಲೆ ಹೊರಗಿನ ಕಡಲಲ್ಲೂ ಬಹುಪಾಲು ಮುಗಿದವು. ದಂಡೆ ಬಿಕೋ ಎಂದಿತು.

ಒಲೆಗಳ ಗುರುತು ಈಗಲೂ ಇದೆ, ನಾನು ಪಕ್ಕದಲ್ಲಿ ನಿಂತು ನೋಡಿದೆ. ಉಕ್ಕಿ ಚೆಲ್ಲಿದ ಎಣ್ಣೆ ಮರಳು ಜಲ್ಲಿಯ ಜೊತೆ ಬೆರೆತು ಸಿಮೆಂಟಿನ ಹಾಗೆ ಗಟ್ಟಿಯಾಗಿದೆ. ನಾಲ್ಕು ನೂರು ವರ್ಷದ ಹಿಮಕ್ಕೂ ಅದು ಕರಗಿಲ್ಲ. ಕಪ್ಪಗೆ, ದುಂಡಗೆ, ನೆಲದಿಂದ ಒಂದಿಷ್ಟು ಮೇಲೆದ್ದ ವರ್ತುಲಗಳು. ಅಲ್ಲಿ ದುಡಿದು ಸತ್ತವರ ಗೋರಿಗಳೂ ಸುತ್ತಮುತ್ತ ಇವೆ. ಈ ದ್ವೀಪಗಳಲ್ಲೊಂದಾದ ಸ್ಪಿಟ್ಸ್‌ಬರ್ಗನ್ ಬಳಿ ಸತ್ತ 185 ಡಚ್ ಕೆಲಸಗಾರರ ಗೋರಿಗಳನ್ನು 1980ರಲ್ಲಿ ಪುರಾತತ್ವ ತಜ್ಞರು ಪರಿಶೀಲಿಸಿದಾಗ ತಲೆಬುರುಡೆಗಳ ಮೇಲೆ ಉಣ್ಣೆಯ ಟೋಪಿಗಳು ಇನ್ನೂ ಇದ್ದವು. ಒಂದರ ಪಟ್ಟೆಯಂತೆ ಇನ್ನೊಂದರದು ಇರಲಿಲ್ಲ. ಚಳಿಗೆ ಕಣ್ಣು ಮಾತ್ರ ಬಿಟ್ಟು ಮುಖವೆಲ್ಲ ಸುತ್ತಿಕೊಂಡಿರುತ್ತಿದ್ದ ಆ ಗಂಡಸರು ಯಾರು ಯಾರೆಂದು ಗುರುತು ಹಿಡಿಯುತ್ತಿದ್ದದ್ದು ಟೋಪಿಯ ಪಟ್ಟೆಗಳಿಂದಲಂತೆ. ಆ ಟೋಪಿಗಳು ಈಗ ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿವೆ. ಆ ಬಡವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಮನೆಗೆ ನಾಲ್ಕು ಕಾಸು ಕಳಿಸಲು ಹೋದವರು ಅವರು. ಆದರೆ ಆ ದಂಡೆಗೆ ಬಂದ ಕೈಗಳೆಲ್ಲ ಏನನ್ನಾದರೂ ತೆಗೆದುಕೊಂಡು ಹೋಗಲೆಂದೇ ಬಂದಿದ್ದವು. ಟೋಪಿಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಡುವೆ ನ್ಯೂ ಓಲೆಸುಂಡ್ ಎಂಬ ಪುಟ್ಟ ಊರಿಗೂ ಹೋಗಿದ್ದೆವು. ಅದು ವಿಜ್ಞಾನಿಗಳ ಊರು. ನಮ್ಮ ದೇಶದ ‘ಹಿಮಾದ್ರಿ’ ಕೇಂದ್ರ 2008ರಿಂದ ಅಲ್ಲಿದೆ. 2023ರ ಡಿಸೆಂಬರಿನಲ್ಲಿ ಮೊದಲ ಸಲ ಭಾರತದ ತಂಡ ಚಳಿಗಾಲದ ಕತ್ತಲೆಯಲ್ಲೂ ಅಲ್ಲಿ ಉಳಿಯಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಆ ತಂಡದಲ್ಲಿದ್ದರು. ಆ ಊರಿನಲ್ಲಿ ಮೊಬೈಲಿನ ವೈಫೈ, ಬ್ಲೂಟೂತ್ ಎಲ್ಲವನ್ನೂ ಆರಿಸಬೇಕು, ಯಾಕೆಂದರೆ ದೂರದ ಆಕಾಶಕಾಯಗಳ ಕ್ಷೀಣ ರೇಡಿಯೊ ತರಂಗಗಳಿಗೆ ಕಿವಿಗೊಡುವ ದೊಡ್ಡ ಆಂಟೆನಾಗಳು ಅಲ್ಲಿವೆ. ಗದ್ದಲ ಮಾಡದೆ ಕೇಳಿಸಿಕೊಳ್ಳುವುದೇ ಕೆಲಸವಾಗಿರುವ ಊರು ಎಂದು ನನಗೆ ತುಂಬ ಇಷ್ಟವಾಯಿತು.

ಆಮೇಲೆ ವಾಲ್ರಸ್. ಒಂದು ಜಲ್ಲಿಕಲ್ಲಿನ ಚಾಚಿನ ಮೇಲೆ ಇಪ್ಪತ್ತು ಮೂವತ್ತು ಒಂದರ ಮೇಲೊಂದು ಒರಗಿ ಮಲಗಿದ್ದವು. ಕಾಣುವ ಮೊದಲೇ ವಾಸನೆ ಬಂತು, ಆಮೇಲೆ ಉಸಿರಾಟದ ಸದ್ದು. ಗಾಳಿ ನಮ್ಮ ಕಡೆಗೆ ಬೀಸುವ ಹಾಗೆ ಸುತ್ತು ಹಾಕಿ, ಒಬ್ಬರ ಹಿಂದೊಬ್ಬರು ನಿಧಾನ ನಡೆದು, ಸಾಕಷ್ಟು ದೂರದಲ್ಲೇ ನಿಂತೆವು. ಒಂದು ತಲೆ ಎತ್ತಿ ನೋಡಿ, ಮತ್ತೆ ಪಕ್ಕದವನ ಬೆನ್ನ ಮೇಲೆ ದಂತ ಊರಿ ಮಲಗಿತು. ಆ ದಂತಕ್ಕಾಗಿ, ಚರ್ಮಕ್ಕಾಗಿ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಅವುಗಳನ್ನು ಕೊಂದು ಕೊಂದು ಸ್ವಾಲ್‌ಬಾರ್ಡ್‌ನಲ್ಲಿ ವಾಲ್ರಸ್ ಸಂತತಿ ಹತ್ತಿರಹತ್ತಿರ ಮುಗಿದೇ ಹೋಗಿತ್ತು. 1952ರಲ್ಲಿ ನಾರ್ವೆ ಬೇಟೆ ನಿಲ್ಲಿಸಿತು. ಮೊದಮೊದಲು ಏನೂ ಆಗಲಿಲ್ಲ. ವಾಲ್ರಸ್ ಹೆಣ್ಣು ಹಲವು ವರ್ಷಕ್ಕೊಮ್ಮೆ ಒಂದು ಮರಿ ಹಾಕುತ್ತದೆ, ಅವಸರ ಅದಕ್ಕಿಲ್ಲ. ಆದರೂ 2018ರಲ್ಲಿ ವಿಮಾನದಿಂದ ಎಣಿಸಿದಾಗ ಸುಮಾರು 5,500 ಎಂಬ ಅಂದಾಜು ಸಿಕ್ಕಿತು. ಕೈ ಹಿಂದಕ್ಕೆ ತೆಗೆದದ್ದಕ್ಕೆ ಅಷ್ಟು ಫಲ.

ಈಗ ಕರಡಿ. ಹಿನ್‌ಲೋಪೆನ್ ಜಲಸಂಧಿಯ ದಡದಲ್ಲಿ, ಬೂದು ಕಲ್ಲುಗಳ ನಡುವೆ ತುಸು ಹಳದಿಯಾದ ಒಂದು ಕಲ್ಲು. ದುರ್ಬೀನಿನಲ್ಲಿ ನೋಡುತ್ತಿದ್ದ ಹಾಗೆ ಆ ಕಲ್ಲು ಮಗ್ಗುಲು ಬದಲಿಸಿತು. ಬೇಸಿಗೆಯಲ್ಲಿ ಕಡಲ ಮೇಲಿನ ಮಂಜುಗಡ್ಡೆ ಉತ್ತರಕ್ಕೆ ಸರಿದಾಗ ಕೆಲವು ಕರಡಿಗಳು ಅದರ ಜೊತೆ ಹೋಗುತ್ತವೆ, ಕೆಲವು ನೆಲದಲ್ಲೇ ಉಳಿಯುತ್ತವೆ. ಉಳಿದವುಗಳಿಗೆ ಸೀಲ್ ಬೇಟೆ ಕಷ್ಟ. ಹಕ್ಕಿಗೂಡುಗಳನ್ನು ಹುಡುಕಿ ಮೊಟ್ಟೆ ತಿನ್ನುತ್ತವೆ, ದಡಕ್ಕೆ ಬಿದ್ದ ತಿಮಿಂಗಿಲದ ಹೆಣ ಸಿಕ್ಕರೆ ಹಬ್ಬ. ಇಲ್ಲದಿದ್ದರೆ ಮಲಗಿ ಮೈಯ ಕೊಬ್ಬನ್ನು ಉಳಿಸಿಕೊಳ್ಳುತ್ತವೆ. ನಾವು ನೋಡಿದ ಕರಡಿ ಮಾಡುತ್ತಿದ್ದದ್ದು ಅದನ್ನೇ. ಡೆಕ್ಕಿನ ಮೇಲೆ ಎಲ್ಲರೂ ಪಿಸುಮಾತಿನಲ್ಲಿದ್ದರು. ಒಂದು ಸಲ ಅದು ತಲೆ ಎತ್ತಿ ನಮ್ಮ ಕಡೆಗೆ ಮೂಸಿತು. ಅಷ್ಟೇ, ತಂಡದ ನಾಯಕಿ ರೇಡಿಯೊದಲ್ಲಿ ಏನೋ ಹೇಳಿದರು, ಹಡಗು ನಿಧಾನವಾಗಿ ಮುಖ ತಿರುಗಿಸಿತು. ಕರಡಿ ಎದ್ದು ನಡೆದರೆ ನಮಗೆ ಒಳ್ಳೆಯ ಚಿತ್ರ ಸಿಗುತ್ತಿತ್ತು. ಆದರೆ ಅದು ಎದ್ದು ನಡೆದರೆ ಅದರ ಕೊಬ್ಬು ಸವೆಯುತ್ತದೆ. 1973ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡಾ, ಡೆನ್ಮಾರ್ಕ್, ನಾರ್ವೆ ಐದೂ ದೇಶಗಳು, ಶೀತಲ ಸಮರದ ನಡುವೆಯೂ, ಈ ಪ್ರಾಣಿಗಾಗಿ ಒಂದೇ ಒಪ್ಪಂದಕ್ಕೆ ಬಂದವು ಅನ್ನುವುದನ್ನು ನೆನೆದರೆ ನನಗೆ ಈಗಲೂ ಧೈರ್ಯ ಬರುತ್ತದೆ.

ಕರಡಿಯ ಕಥೆ ಮುಗಿಯಿತು. ಒಂದು ಸೌದೆ ಮುಂದಕ್ಕೆ ತಳ್ಳಿ, ಈಗ ಬಂಡೆಗೆ ಬರೋಣ.

ಆ ಬಂಡೆ ಇರುವುದೂ ಹಿನ್‌ಲೋಪೆನ್ ಜಲಸಂಧಿಯಲ್ಲೇ. ಆಲ್ಕೆಫ್ಯೆಲೆಟ್ ಅನ್ನುತ್ತಾರೆ. ಹತ್ತು ಕೋಟಿ ವರ್ಷಗಳಿಗೂ ಹಿಂದೆ ಭೂಮಿಯೊಳಗಿನ ಶಿಲಾರಸ ಬೇರೆ ಕಲ್ಲಿನ ಪದರಗಳ ನಡುವೆ ನುಗ್ಗಿ, ಆರಿ, ಕಪ್ಪು ಕಂಬಗಳಾಗಿ ಸೀಳಿ ನಿಂತಿದೆ. ಎತ್ತರ ನೂರು ಮೀಟರಿಗೂ ಮೇಲೆ. ಹಲವು ಕಡೆ ಆ ಗೋಡೆ ನೇರವಾಗಿ ನೀರಿಗೇ ಇಳಿಯುತ್ತದೆ. ಆ ಗೋಡೆಯ ಒಂದೊಂದು ಅಂಚಿನ ಮೇಲೂ ಬ್ರೂನಿಕ್ ಗಿಲ್ಲಿಮಾಟ್ ಎಂಬ ಹಕ್ಕಿಗಳು. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕೊಕ್ಕಿನ ಬುಡದಲ್ಲಿ ಒಂದು ಬಿಳಿ ಗೆರೆ, ತೂಕ ಒಂದು ಕೇಜಿಯ ಆಸುಪಾಸು. ಅಲ್ಲಿ ಸುಮಾರು 60,000 ಜೋಡಿಗಳಿವೆ ಎಂದು ಲೆಕ್ಕ. ತೇರಿನ ದಿನ ರಥಬೀದಿಯ ಮಹಡಿಗಳ ಅಂಚಿನಲ್ಲಿ ಹೆಗಲಿಗೆ ಹೆಗಲು ಒತ್ತಿ ಜನ ನಿಂತಿರುವುದಿಲ್ಲವೇ, ಹಾಗೆ ನಿಂತಿದ್ದವು. ಹಕ್ಕಿಬಂಡೆಯ ಹತ್ತಿರ ದೋಣಿಯ ವೇಗ 5 ನಾಟ್ ಮೀರುವಂತಿಲ್ಲ. ರಬ್ಬರಿನ ಝೋಡಿಯಾಕ್ ದೋಣಿಯಲ್ಲಿ ಮೆಲ್ಲಗೆ ಹತ್ತಿರ ಹೋದ ಹಾಗೆಲ್ಲ ಸದ್ದು ದಪ್ಪಗಾಗುತ್ತ ಬಂತು. ಗೊರ್ರ್ ಎನ್ನುವ ಸಾವಿರ ಗಂಟಲುಗಳ ಸದ್ದು ಎದೆಯೊಳಗೇ ಕೇಳುತ್ತಿತ್ತು. ನೀರಿನ ಮೇಲೆಲ್ಲ ಹಕ್ಕಿ, ತಲೆಯ ಮೇಲೆಲ್ಲ ಹಕ್ಕಿ. ಬಂಡೆಯ ಬುಡದಲ್ಲಿ ಮಣ್ಣಿದ್ದ ಕಡೆಯೆಲ್ಲ ಕಣ್ಣು ಕುಕ್ಕುವ ಹಸಿರು. ಆ ಬರಡು ನಾಡಿನಲ್ಲಿ ಅಂಥ ಹಸಿರು ಬೆಳೆಯಲು ಹಕ್ಕಿಗಳ ಹಿಕ್ಕೆಯೇ ಗೊಬ್ಬರ.

ಇವು ಗೂಡು ಕಟ್ಟುವುದಿಲ್ಲ. ಬರಿಗಲ್ಲಿನ ಮೇಲೆ ಒಂದೇ ಒಂದು ಮೊಟ್ಟೆ. ಒಂದು ತುದಿ ಚೂಪು. ಬಣ್ಣ ಬಿಳಿಯಿಂದ ಹಸಿರು ನೀಲಿಯವರೆಗೆ, ಮೇಲೆ ಕಪ್ಪು ಕಂದು ಗೀಚು. ಒಂದರ ಗೀಚಿನಂತೆ ಇನ್ನೊಂದರದು ಇರುವುದಿಲ್ಲ, ಅದರಿಂದಲೇ ಆ ನೂಕುನುಗ್ಗಲಿನಲ್ಲಿ ತಮ್ಮ ಮೊಟ್ಟೆ ಯಾವುದು ಎಂದು ಗುರುತು ಹಿಡಿಯುತ್ತವೆ. ಆ ಉಣ್ಣೆಯ ಟೋಪಿಗಳು ನನಗೆ ನೆನಪಾದದ್ದು ಅಲ್ಲೇ. ಒಂದೇ ಕಡಲ ದಡದಲ್ಲಿ, ಒಂದೇ ಚಳಿಯಲ್ಲಿ, ಗುಂಪಿನಲ್ಲಿ ಕಳೆದುಹೋಗದಿರಲು ಹಕ್ಕಿಯೂ ಮನುಷ್ಯನೂ ಒಂದೇ ಉಪಾಯ ಹಿಡಿದಿದ್ದರು.

ನಾವು ಹೋದದ್ದು ರಾತ್ರಿ ಊಟವಾದ ಮೇಲೆ. ಆದರೆ ಬಿಸಿಲಿತ್ತು, ಕಂಬಗಳ ಮೇಲೆ ಓರೆಯಾಗಿ ಬೀಳುವ ಹೊಂಬಿಸಿಲು. ದೋಣಿ ನಡೆಸುತ್ತಿದ್ದ ಮಾರ್ಗದರ್ಶಕ ಬೇಸಿಗೆಗಳನ್ನೆಲ್ಲ ಅಲ್ಲೇ ಕಳೆಯುವವರು. ಮೇಲೆ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಎಂಜಿನ್ ಆರಿಸಿ, ‘ಇವತ್ತು ಶುರುವಾಗಿದೆ’ ಅಂದರು.

ಏನು ಶುರುವಾಗಿದೆ ಅಂತ ಹೇಳುತ್ತೇನೆ. ಮೊಟ್ಟೆಯೊಡೆದು ಮೂರು ವಾರವಾದಾಗ ಮರಿಗೆ ಬಂಡೆ ಬಿಡುವ ಹೊತ್ತು ಬರುತ್ತದೆ. ಆಗ ಅದು ದೊಡ್ಡ ಹಕ್ಕಿಯ ಕಾಲು ಭಾಗ ತೂಕ ಇರುತ್ತದೆ. ಹಾರುವ ರೆಕ್ಕೆ ಬಂದಿರುವುದಿಲ್ಲ. ಆದರೂ ಬಿಡಲೇಬೇಕು. ಬೆಳೆಯುವ ಮರಿಗೆ ಸಾಕಾಗುವಷ್ಟು ಮೀನನ್ನು ಕಡಲಿಂದ ಬಂಡೆಗೆ ಹೊತ್ತು ತರುವುದು ಸಾಧ್ಯವಿಲ್ಲ. ಈ ಹಕ್ಕಿಯ ಗಿಡ್ಡ ರೆಕ್ಕೆಗಳು ನೀರೊಳಗೆ ಈಜಲು ಹೇಳಿ ಮಾಡಿಸಿದವು. ಮೀನಿಗಾಗಿ ನೂರು ಮೀಟರಿಗೂ ಆಳಕ್ಕೆ ಮುಳುಗಬಲ್ಲದು. ಆದರೆ ಗಾಳಿಯಲ್ಲಿ ಹಾರಲು ಅದಕ್ಕೆ ತುಂಬ ಶ್ರಮ. ಒಂದು ಸಲಕ್ಕೆ ತರುವುದು ಒಂದೇ ಮೀನು. ಮೀನನ್ನು ಮರಿಯ ಬಳಿಗೆ ತರುವ ಬದಲು ಮರಿಯನ್ನೇ ಮೀನಿನ ಬಳಿಗೆ ಕರೆದೊಯ್ಯಬೇಕು. ಕರೆದೊಯ್ಯುವವನು ಅಪ್ಪ. ತಾಯಿ ಕೆಲವು ದಿನ ಬಂಡೆಯಲ್ಲೇ ಉಳಿಯುತ್ತಾಳೆ. ಅಪ್ಪ ಮರಿಯ ಜೊತೆ ನೀರಿಗಿಳಿದು ಒಂದೆರಡು ತಿಂಗಳು ಅದಕ್ಕೆ ಉಣಿಸುತ್ತ ತೆರೆದ ಕಡಲಲ್ಲಿ ಈಜುತ್ತಾನೆ.

ಬಂಡೆಯ ನಡುಮಟ್ಟದ ಒಂದು ಅಂಚಿನಲ್ಲಿ ಮರಿಯೊಂದು ಮುಂದೆ ಬರುತ್ತಿತ್ತು, ಹಿಂದೆ ಸರಿಯುತ್ತಿತ್ತು. ತಲೆ ಆಡಿಸುತ್ತಿತ್ತು. ಮೊಟಕು ರೆಕ್ಕೆ ಬಡಿಯುತ್ತಿತ್ತು. ಅಪ್ಪ ಪಕ್ಕದಲ್ಲೇ ಬಗ್ಗಿ ಕೆಳಗೆ ನೋಡುತ್ತಿದ್ದ. ಆ ಗದ್ದಲದೊಳಗೂ ಮರಿಯ ಸೀಟಿಯಂಥ ಕೂಗು ಬೇರೆಯಾಗಿ ಕೇಳುತ್ತಿತ್ತು. ನಾವು ಉಸಿರು ಹಿಡಿದುಕೊಂಡಿದ್ದೆವು. ಎಷ್ಟು ಹೊತ್ತು ಹೀಗೇ ಕಳೆಯಿತೋ. ಆಮೇಲೆ ಅದು ಹೋಯಿತು. ರೆಕ್ಕೆ ಬಡಿಯುತ್ತ, ಕಾಲಗಲಿಸಿ, ಓರೆಯಾಗಿ ಕೆಳಗೆ ಕೆಳಗೆ ಬಂತು. ಅದರ ಬೆನ್ನಿಗೇ, ಒಂದು ಗೇಣೂ ಬಿಡದ ಹಾಗೆ, ಅಪ್ಪ ಬಂದ. ಎರಡೂ ನೀರಿಗೆ ಬಿದ್ದವು. ದೋಣಿಯಲ್ಲಿ ಯಾರೋ ಬಿಕ್ಕಿದರು.

ಅದಾದ ಮೇಲೆ ಎಲ್ಲಿ ನೋಡಿದರಲ್ಲಿ. ಒಂದೇ ರಾತ್ರಿಯಲ್ಲಿ ನೂರಾರು ಮರಿಗಳು ಒಟ್ಟಿಗೆ ಬಿಡುತ್ತವೆ, ಅಷ್ಟನ್ನೂ ಹಿಡಿಯಲು ಕಳ್ಳರಿಗೆ ಕೈ ಸಾಲುವುದಿಲ್ಲ. ಕಳ್ಳರೂ ಇದ್ದರು. ಗ್ಲಾಕಸ್ ಗಲ್ ಎಂಬ ದೊಡ್ಡ ಬೂದುಬಿಳಿ ಕಡಲಹಕ್ಕಿಗಳು ಬಂಡೆಯ ಉದ್ದಕ್ಕೂ ಗಸ್ತು ತಿರುಗುತ್ತಿದ್ದವು. ಒಂದು ಮರಿಯನ್ನು ಗಾಳಿಯಲ್ಲೇ ಎಗರಿಸಿಕೊಂಡು ಹೋದದ್ದನ್ನು ಕಣ್ಣಾರೆ ಕಂಡೆವು. ಅದರ ಅಪ್ಪ ನೀರಿಗಿಳಿದು ಕರೆಯುತ್ತಲೇ ಇದ್ದ. ಇನ್ನೊಂದು ಮರಿ ನೀರು ತಲುಪದೆ ಬುಡದ ಕಲ್ಲುಗಳ ಮೇಲೆ ಬಿತ್ತು, ಬಿದ್ದು ಎದ್ದು ನೀರಿನ ಕಡೆಗೆ ಓಡಿತು. ಅಷ್ಟರಲ್ಲಿ ಬೇಸಿಗೆಯ ಕಂದು ಕೂದಲಿನ ನರಿಯೊಂದು ಕಲ್ಲಿನ ಹಿಂದಿನಿಂದ ಬಂತು. ಪಕ್ಕದಲ್ಲಿದ್ದ ಹೆಂಗಸು ಮಾರ್ಗದರ್ಶಕರ ತೋಳು ಹಿಡಿದು, ‘ಒಂದು ಸಲ ಜೋರಾಗಿ ಕೂಗಿ, ಅದು ಓಡಿಹೋಗುತ್ತದೆ’ ಎಂದು ಬೇಡಿಕೊಂಡರು. ಮಾರ್ಗದರ್ಶಕರು ಆಗದೆಂದು ತಲೆಯಾಡಿಸಿ, ಕಂಬದ ತುದಿಯನ್ನು ತೋರಿಸಿದರು. ಅಲ್ಲಿ ಗಲ್‌ನ ಗೂಡಿನಲ್ಲಿ ಎರಡು ಮರಿಗಳು ಬಾಯಿ ತೆರೆದು ಕಾಯುತ್ತಿದ್ದವು. ನರಿಯೂ ಮರಿಗಳು ಧುಮುಕುವ ಈ ಹದಿನೈದು ದಿನದಲ್ಲಿ ಸಿಕ್ಕಿದ್ದನ್ನು ಕಲ್ಲುಗಳ ಸಂದಿಯಲ್ಲಿ ಬಚ್ಚಿಟ್ಟು, ಸೂರ್ಯನಿಲ್ಲದ ತಿಂಗಳುಗಳಲ್ಲಿ ತೆಗೆದು ತಿನ್ನುತ್ತದೆ ಎಂದರು. ಆ ಹೆಂಗಸು ಮುಖ ಬೇರೆ ಕಡೆ ತಿರುಗಿಸಿಕೊಂಡರು. ನನಗೂ ಆ ಕಡೆ ನೋಡಲಾಗಲಿಲ್ಲ.

ಆಗಲೇ ಆ ಮರಿ ಬಂದದ್ದು. ನೀರಿಗೆ ಸರಿಯಾಗಿಯೇ ಬಿದ್ದಿತ್ತು, ಆದರೆ ಅಪ್ಪ ಎಲ್ಲೋ ತಪ್ಪಿಹೋಗಿದ್ದ. ಒಂದು ದೊಡ್ಡ ಹಕ್ಕಿಯ ಬಳಿ ಹೋಯಿತು, ಅದು ಕುಕ್ಕಿ ಓಡಿಸಿತು. ಇನ್ನೊಂದರ ಬಳಿ ಹೋಯಿತು, ಅಲ್ಲೂ ಅದೇ. ಆಮೇಲೆ ನಮ್ಮ ಕಪ್ಪು ರಬ್ಬರಿನ ದೋಣಿಯನ್ನು ನೋಡಿ, ಬಂಡೆ ಅಂದುಕೊಂಡಿತೋ, ಆಸರೆ ಅಂದುಕೊಂಡಿತೋ, ನೇರ ನನ್ನ ಮೊಣಕಾಲಿನ ಕೆಳಗೆ ಬಂದು ದೋಣಿಗೆ ಎದೆಯಾನಿಸಿ ಕೂಗತೊಡಗಿತು. ನೀರ ಹನಿಗಳು ಅದರ ಬೆನ್ನ ಮೇಲೆ ಉರುಳುತ್ತಿದ್ದದ್ದು ಕಾಣುವಷ್ಟು ಹತ್ತಿರ. ಮೇಲೆ ಗಲ್ ಒಂದು ಸುತ್ತು ಬಂತು. ಕೈ ಚಾಚಿದ್ದರೆ ಎತ್ತಿಕೊಳ್ಳಬಹುದಿತ್ತು.

ಮಾರ್ಗದರ್ಶಕರು ಪಿಸುಗುಟ್ಟಿದರು: ‘ಕೈ ಒಳಗೆ. ಯಾರೂ ಮಾತಾಡಬೇಡಿ. ಅವನಿಗೆ ಮರಿಯ ದನಿ ಕೇಳಬೇಕು.’ ಅಷ್ಟು ಸಾವಿರ ಗಂಟಲುಗಳ ನಡುವೆ ಅಪ್ಪ ಮರಿಯನ್ನೂ ಮರಿ ಅಪ್ಪನನ್ನೂ ದನಿಯಿಂದಲೇ ಗುರುತಿಸುತ್ತವೆ. ಎತ್ತಿಕೊಂಡರೆ ಆ ದನಿ ನೀರಿನಿಂದ ತಪ್ಪಿಹೋಗುತ್ತದೆ. ಬೆಚ್ಚನೆಯ ಕೈ ಅದಕ್ಕೆ ಅಪ್ಪನನ್ನು ಕೊಡಲಾರದು. ಇದೆಲ್ಲ ಬುದ್ಧಿಗೆ ಗೊತ್ತು. ಆದರೆ ಆ ಕೂಗು ಕೇಳುತ್ತ ಸುಮ್ಮನೆ ಕೂರುವುದಿದೆಯಲ್ಲ, ನನ್ನ ಬದುಕಿನಲ್ಲಿ ಅಷ್ಟು ಕಷ್ಟದ ಸುಮ್ಮನಿರುವಿಕೆ ಬೇರೆ ಇಲ್ಲ. ಕೈಗವಸಿನೊಳಗೆ ನನ್ನ ಬೆರಳುಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ನೋಡಿದರೆ ಎಲ್ಲರದೂ ಹಾಗೇ. ದೇಶ ಬೇರೆ, ಭಾಷೆ ಬೇರೆ, ಎಲ್ಲರ ಕೈಗಳೂ ಮಡಿಲಲ್ಲಿ.

ದೂರದಿಂದ ಗೊಗ್ಗರು ದನಿಯೊಂದು ಕೇಳಿತು. ನಮಗೆ ಅದು ಉಳಿದ ಸಾವಿರ ದನಿಗಳಂತೆಯೇ ಇತ್ತು. ಮರಿಗೆ ಹಾಗಿರಲಿಲ್ಲ. ಗಕ್ಕನೆ ತಿರುಗಿ, ದೋಣಿಯನ್ನು ಬಿಟ್ಟು, ನೀರನ್ನು ಕಾಲಿನಿಂದಲೂ ರೆಕ್ಕೆಯಿಂದಲೂ ಬಡಿಯುತ್ತ ಓಡಿತು. ಗಲ್ ಎರಗಿತು. ಮರಿ ಮುಳುಗಿತು! ಮೂರು ವಾರದ ಮರಿ, ನೀರು ಕಂಡು ಕೆಲವೇ ನಿಮಿಷವಾಗಿತ್ತು, ಅಷ್ಟೇ. ಗಲ್ ಬರಿಗೊಕ್ಕಿನಲ್ಲಿ ಮೇಲೆದ್ದಿತು. ಮರಿ ಆಚೆ ಕಡೆ ಎದ್ದಾಗ ಅಪ್ಪ ಪಕ್ಕದಲ್ಲಿದ್ದ. ಎರಡೂ ಕೊಕ್ಕಿಗೆ ಕೊಕ್ಕು ತಾಗಿಸಿ ಒಂದು ಸುತ್ತು ಹಾಕಿ, ಜಲಸಂಧಿಯ ಬಾಯಿಯ ಕಡೆಗೆ ಮುಖ ಮಾಡಿದವು. ದೋಣಿಯಲ್ಲಿ ಯಾರೂ ಕೂಗಲಿಲ್ಲ. ಆ ಹೆಂಗಸು ನನ್ನ ಕೈ ಹಿಡಿದು ಕುಲುಕಿದರು.

ಅವು ಹೋಗುವ ದೂರ ಕೇಳಿದರೆ ನೀವು ನಂಬುವುದಿಲ್ಲ. ಸ್ವಾಲ್‌ಬಾರ್ಡ್‌ನ ಈ ಹಕ್ಕಿಗಳು ಚಳಿಗಾಲ ಕಳೆಯುವುದು ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ಕಡೆಯ ಕಡಲುಗಳಲ್ಲಿ. ದಾರಿಯ ಮೊದಲ ಭಾಗವೆಲ್ಲ ಈಜಿಯೇ. ಮರಿಗೆ ರೆಕ್ಕೆ ಬಂದಿಲ್ಲ. ಅಪ್ಪನೂ ಆ ದಿನಗಳಲ್ಲಿ ಹಳೆಯ ಗರಿ ಉದುರಿಸಿ ಹಾರಲಾರದವನಾಗುತ್ತಾನೆ. ಹೋಗಿ ಸೇರುವ ಆ ಕಡಲುಗಳು ಈಗ ಬದಲಾಗುತ್ತಿವೆ. ನೀರು ಬಿಸಿಯಾಗುತ್ತಿದೆ, ಅದರ ಜೊತೆ ಆಹಾರವೂ ಬದಲಾಗುತ್ತಿದೆ. 1990ರ ದಶಕದಿಂದೀಚೆಗೆ ಸ್ಪಿಟ್ಸ್‌ಬರ್ಗನ್‌ನ ಈ ಹಕ್ಕಿಗಳ ಸಂಖ್ಯೆ ಇಳಿಯುತ್ತ ಬಂದಿದೆ. ವಾಲ್ರಸ್ ವಿಷಯದಲ್ಲಿ ಬಂದೂಕು ಕೆಳಗಿಟ್ಟರೆ ಸಾಕಿತ್ತು. ಇಲ್ಲಿ ಕೆಳಗಿಡಬೇಕಾದದ್ದು ನಮ್ಮ ಹಡಗು, ವಿಮಾನ, ಕಾರ್ಖಾನೆಗಳ ಹೊಗೆಯನ್ನು. ನನ್ನನ್ನು ಅಲ್ಲಿಗೆ ಕರೆದೊಯ್ದದ್ದೂ ಅಂಥ ಹೊಗೆಯೇ. ಆ ಕಡಲಿಗೆ ಹೋಗುವವರು ಕಡಿಮೆಯಾಗಬೇಕು, ಹೋಗುವ ಹಡಗುಗಳು ಇನ್ನೂ ಸಣ್ಣವಾಗಬೇಕು ಎಂದು ನಾನು ಹೇಳಿದರೆ ದಯವಿಟ್ಟು ಒಪ್ಪಿಕೊಳ್ಳಿ, ಅಲ್ಲಿನ ದನಿ ಕೇಳಿಯೇ ಹೇಳುತ್ತಿದ್ದೇನೆ.

ಹಡಗು ವಾಪಸಾಗುವ ದಾರಿಯಲ್ಲಿ, ದಡ ಕಾಣದಷ್ಟು ದೂರದ ಕಡಲಲ್ಲಿ, ಅಂಥ ಜೋಡಿಗಳು ಸಿಗತೊಡಗಿದವು. ಒಂದು ದೊಡ್ಡದು, ಒಂದು ಚಿಕ್ಕದು. ಅಲೆಯೇರಿ ಕಾಣುತ್ತಿದ್ದವು, ಅಲೆಯಿಳಿದು ಮರೆಯಾಗುತ್ತಿದ್ದವು. ಹಾರಿ ತಪ್ಪಿಸಿಕೊಳ್ಳಲು ಅವುಗಳಿಗೆ ಆಗುವುದಿಲ್ಲವೆಂದು ಕ್ಯಾಪ್ಟನ್ ವೇಗ ಇಳಿಸಿದರು. ಮೂತಿಯ ಹತ್ತಿರ ನಿಂತವರು ಕೈಯೆತ್ತಿ ಎಡಕ್ಕೊಂದು, ಬಲಕ್ಕೊಂದು ಎಂದು ತೋರಿಸಿದ ಹಾಗೆಲ್ಲ ಹಡಗು ಅತ್ತಿತ್ತ ಒಲೆದು ದಾರಿ ಬಿಡುತ್ತ ಹೋಯಿತು. ಊಟದ ಗಂಟೆ ಬಾರಿಸಿತು, ಮತ್ತೊಮ್ಮೆ ಬಾರಿಸಿತು. ಯಾರೂ ಒಳಗೆ ಹೋಗಲಿಲ್ಲ. ಕೊನೆಗೆ ಅಡುಗೆಯವರೇ ಸೂಪಿನ ಪಾತ್ರೆ ಹೊತ್ತುಕೊಂಡು ಡೆಕ್ಕಿಗೆ ಬಂದು, ಬಡಿಸುವುದನ್ನು ಬಿಟ್ಟು, ನಮ್ಮ ಜೊತೆ ಎಣಿಸತೊಡಗಿದರು.